ಮೀನಿಗೆ ಹಾಕಿದ ರೊಟ್ಟಿ

ಶನಿವಾರ ಬೆಳಿಗ್ಗೆ ಸನಿಯ್ಯಾ ಬಕೆಟ್ಟು, ಒರೆಸುವ ಬಟ್ಟೆ ಹಿಡಿದುಕೊಂಡು ಡಯಾಲಿಸಿಸ್ ವಾರ್ಡಿನ ಹೊರಗೆ ಜನ ಕಾಯುವ ಹಾಲಿಗೆ ಬಂದಾಗ ಮೀನಿನ ತೊಟ್ಟಿಯಲ್ಲಿ ಅರ್ಧ ರೊಟ್ಟಿ ತೇಲುತ್ತಿತ್ತು.

ಚೂರಲ್ಲ, ತುತ್ತಲ್ಲ, ಅರ್ಧ ರೊಟ್ಟಿ. ಅದರ ಅಂಚುಗಳು ಉಬ್ಬಿ, ಗಂಜಿಯಾಗಿ ನೀರಿಗೆ ಇಳಿಯುತ್ತಿದ್ದವು. ಹನ್ನೊಂದು ಹೊಂಬಣ್ಣದ ಮೀನುಗಳೂ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು.

"ಯಾರು ಹಾಕಿದ್ದು ಇದನ್ನ?"

ಹಾಲಿನಲ್ಲಿ ನಲವತ್ತು ಜನರಿದ್ದರು. ಒಳಗೆ ಮಷೀನಿಗೆ ಕೈಕೊಟ್ಟು ಮಲಗಿದವರ, ಸರದಿಗೆ ಕಾದಿದ್ದವರ ಹೆಂಡಂದಿರು, ತಾಯಂದಿರು, ಅಣ್ಣತಮ್ಮಂದಿರು. 

"ನಾನು ಕೇಳಿದ್ದು ಗೋಡೇನಾ? ಯಾವ ಪುಣ್ಯಾತ್ಮ ಹಾಕಿದ್ದು ಅಂದೆ!"

ಪೇಪರು ಓದುತ್ತಿದ್ದ ಉಸ್ತಾದ್ ಫಿಕ್ರಿ ಕನ್ನಡಕ ಇಳಿಸಿ ನೋಡಿದರು. ನಿವೃತ್ತ ಮೇಷ್ಟ್ರು, ಎರಡನೇ ನಂಬರಿನ ಕುರ್ಚಿಯ ರೋಗಿಯ ಗಂಡ. "ಬೆಳಬೆಳಿಗ್ಗೆ ಯಾಕಮ್ಮ ಹಿಂಗೆ ಕಿರುಚ್ತೀಯಾ? ಮೀನಿಗೆ ಯಾರೋ ತಿಂಡಿ ಕೊಟ್ರೆ ನಿನ್ನ ಗಂಟೇನು ಹೋಯ್ತು?"

"ನನ್ನ ಗಂಟೇ ಮೇಷ್ಟ್ರೇ ಹೋಗೋದು! ಬೇರೆ ಯಾರದ್ದು?"

ಅಂಗಿಯ ತೋಳು ಮೇಲೇರಿಸಿ ನೀರಿಗೆ ಕೈಹಾಕಿದಳು. ರೊಟ್ಟಿ ಬೆರಳ ಸಂದಿಯಲ್ಲಿ ಕೆಸರಿನಂತೆ ಜಾರಿತು. ಬಾಯಿ ಬೈಯುತ್ತಲೇ ಇತ್ತು. ಆದರೆ ಕೈ ತನ್ನ ಅಭ್ಯಾಸ ಬಿಡಲಿಲ್ಲ. ನೆನೆದ ಆ ಮುದ್ದೆಯನ್ನು ತುಟಿಗೊಮ್ಮೆ, ಹಣೆಗೊಮ್ಮೆ ಮುಟ್ಟಿಸಿ, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಗುಬ್ಬಚ್ಚಿಗಳಿಗೆಂದು ಇಟ್ಟಿತು. ಅವರ ಇಂಬಾಬಾ ಬಡಾವಣೆಯಲ್ಲಿ ಎಂಥ ಕೋಪಿಷ್ಠನೂ ರೊಟ್ಟಿಯನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಬೀದಿಯಲ್ಲಿ ಬಿದ್ದ ಚೂರು ಕಂಡರೂ ಬಗ್ಗಿ ಎತ್ತಿ, ಯಾರ ಕಾಲೂ ತಾಗದ ಕಡೆ ಗೋಡೆಯ ಮೇಲಿಟ್ಟು ಮುಂದೆ ಹೋಗುತ್ತಾರೆ.

ಅನಾಹುತದ ಬೇರು ಅಲ್ಲೇ ಇತ್ತು. ಒಳಗೆ ಪ್ರತಿ ರೋಗಿಗೂ ಆಸ್ಪತ್ರೆಯವರು ಒಂದು ರೊಟ್ಟಿ, ಒಂದು ತುಂಡು ಚೀಸು ಕೊಡುತ್ತಾರೆ. ನಾಲ್ಕು ಗಂಟೆ ರಕ್ತ ತೊಳೆಸಿಕೊಂಡವರಿಗೆ ತಿನ್ನುವ ಮನಸ್ಸೆಲ್ಲಿ? ರೊಟ್ಟಿ ಉಳಿಯುತ್ತದೆ. ಬುಟ್ಟಿಗೆ ಹಾಕುವಂತಿಲ್ಲ. ಹೊರಗೆ ಬಂದರೆ ಎದುರಿಗೇ ಗಾಜಿನ ತೊಟ್ಟಿ, ಅದರಲ್ಲಿ ಬಾಯಿ ಬಿಡುವ ಜೀವಗಳು. ತಮ್ಮ ರೋಗಿ ಬದುಕಲೆಂದು ಬಾಯಿಲ್ಲದ ಜೀವಕ್ಕೆ ಒಂದು ತುತ್ತು. ರೊಟ್ಟಿಗೂ ಅವಮಾನವಿಲ್ಲ, ರೋಗಿಗೂ ಪುಣ್ಯ. ಒಬ್ಬೊಬ್ಬರದು ಒಂದೇ ತುತ್ತು. ಆದರೆ ಅಂಥವರು ನಲವತ್ತು ಮಂದಿ.

ಸನಿಯ್ಯಾಳಿಗೆ ಮೀನಿನ ಕೆಲಸ ಹೊಸದಲ್ಲ. ಅವಳಪ್ಪ ಇಂಬಾಬಾದ ಮನೆಯ ಮಾಳಿಗೆ ಮೇಲೆ ಒಡೆದ ಸ್ನಾನದ ತೊಟ್ಟಿಗಳಲ್ಲಿ ಮೀನು ಸಾಕಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಶುಕ್ರವಾರದ ಸಂತೆಗೆ ಒಯ್ಯುತ್ತಿದ್ದ. ಏಳು ವರ್ಷದವಳಿದ್ದಾಗ ಅವಳು ಮೊದಲ ಸಲ ಹಿಡಿ ತುಂಬ ಕಾಳು ಎಸೆದಾಗ ಅಪ್ಪ ಅವಳ ಮಣಿಕಟ್ಟು ಹಿಡಿದು ಅಂದಿದ್ದ: "ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಕಣೇ. ಹಸಿದು ಸತ್ತ ಮೀನು ನಾನು ಕಂಡಿಲ್ಲ. ಪ್ರೀತಿಯಿಂದ ಸತ್ತಿದ್ದನ್ನ ಬಕೆಟ್ಟುಗಟ್ಟಲೆ ಹೊತ್ತು ಹಾಕಿದೀನಿ."

ಈ ತೊಟ್ಟಿ ಬಂದದ್ದು ಬೇರೆಯದೇ ಪ್ರೀತಿಯಿಂದ. ಕಳೆದ ಚಳಿಗಾಲದಲ್ಲಿ ಒಂಬತ್ತು ಡಯಾಲಿಸಿಸ್ ಮಷೀನುಗಳಲ್ಲಿ ಮೂರು ಕೆಟ್ಟು ನಿಂತವು. ರೋಗಿಗಳ ಮನೆಯವರು ಅರ್ಜಿ ಬರೆದು, ಬರೆಯಲು ಬಾರದವರು ಹೆಬ್ಬೆಟ್ಟೊತ್ತಿ, ನಿರ್ದೇಶಕ ಡಾಕ್ಟರ್ ಮಮ್ದೂಹರ ಕೈಗಿತ್ತರು. ಡಾಕ್ಟರು ಅದನ್ನು ಆಸ್ಪತ್ರೆಯ ದೊಡ್ಡ ದಾನಿ, ಟೈಲ್ಸ್ ಕಾರ್ಖಾನೆಯ ಹಾಜಿ ಬರಕಾತರಿಗೆ ಒಯ್ದರು. ಎರಡು ತಿಂಗಳ ಮೇಲೆ ಲಾರಿ ಬಂದಾಗ ಹೆಂಗಸರು ಹರ್ಷದಿಂದ ಉಲಿದರು. ಮಷೀನು ಬಂತು, ಮಷೀನು! ಪೆಟ್ಟಿಗೆ ಒಡೆದರೆ ಒಳಗಿದ್ದದ್ದು ಗಾಜಿನ ತೊಟ್ಟಿ. ಕೆಳಗೆ ಚಿನ್ನದ ಅಕ್ಷರ: "ಹಾಜಿ ಬರಕಾತರ ಕೊಡುಗೆ. ರೋಗಿಗಳ ಮನಶ್ಶಾಂತಿಗಾಗಿ." ಆ ದಿನ ನಲವತ್ತು ಮನೆಗಳ ಮನಶ್ಶಾಂತಿ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಚಪ್ಪಾಳೆ ತಟ್ಟಿರೆಂದರು, ತಟ್ಟಿದರು.

ಈಗ ಹಾಜಿ ತಮ್ಮ ಮೀನು ನೋಡಲು ಬರುವವರಿದ್ದರು. ಡಾಕ್ಟರ್ ಮಮ್ದೂಹ್ ಸನಿಯ್ಯಾಳನ್ನು ಕರೆಸಿ, ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ್ದರು: "ಗುರುವಾರ ಹಾಜಿ ಬರ್ತಾರೆ, ಫೋಟೋದವರೂ ಬರ್ತಾರೆ. ಹನ್ನೊಂದು ಮೀನಿದೆ. ಹನ್ನೊಂದೂ ಇರಬೇಕು. ಒಂದು ಕಮ್ಮಿ ಆದ್ರೆ ನೀನೂ ಕಮ್ಮಿ."

ಅವಳು ಕಮ್ಮಿಯಾದರೆ ಹೋಗುವುದು ಅವಳ ಪೊರಕೆಯಲ್ಲ. ನಾಲ್ಕನೇ ನಂಬರಿನ ಕುರ್ಚಿ. ಅದರಲ್ಲಿ ಶನಿವಾರ, ಸೋಮವಾರ, ಬುಧವಾರ ಕೂರುವವನು ಅವಳ ತಮ್ಮ ಶಾಬಾನ್. ಸರ್ಕಾರಿ ಆಸ್ಪತ್ರೆಯವರು ಅವನಿಗೆ ಏಳು ತಿಂಗಳು ಬಿಟ್ಟು ಬಾ ಎಂದಿದ್ದರು. ಕಿಡ್ನಿ ಸತ್ತವನು ಏಳು ತಿಂಗಳು ಎಲ್ಲಿ ಕಾಯುತ್ತಾನೆ? ಗೋರಿಯಲ್ಲಿ ಕಾಯಬೇಕು. ಇಲ್ಲಿ ಸಿಬ್ಬಂದಿಯ ಬಂಧುಗಳ ಪಟ್ಟಿಯಲ್ಲಿ ಅವನ ಹೆಸರು ಸೇರಿದ್ದಕ್ಕೇ ಅವನು ಬದುಕಿದ್ದ.

ಒಳಗೆ ಹೋಗಿ ನೆಲ ಒರೆಸುವಾಗ ಶಾಬಾನ್ ಕುರ್ಚಿಯಿಂದಲೇ ಕೇಳಿದ. ಮೊದಲು ಮೈಕ್ರೋಬಸ್ ಓಡಿಸುತ್ತಿದ್ದವನು. ಕಾಲು ಬಾತರೂ ನಾಲಿಗೆ ಬಾತಿರಲಿಲ್ಲ.

"ಅಕ್ಕಾ, ಹೊರಗೆ ಯಾರ ಮೇಲೆ ರೇಗ್ತಿದ್ದೆ? ಮಷೀನಿನ ಸದ್ದೇ ಕೇಳಿಸ್ಲಿಲ್ಲ."

"ಮೀನಿಗೆ ಅರ್ಧ ರೊಟ್ಟಿ ಹಾಕಿದಾರೆ ಕಣೋ."

"ಅದೃಷ್ಟವಂತ ಮೀನು. ನನಗೆ ನೀನು ಒಂದು ಖರ್ಜೂರ ತಿನ್ನೋಕೆ ಬಿಡಲ್ಲ."

"ತಿನ್ನು, ತಿನ್ನು. ಹಣ್ಣಿನ ಉಪ್ಪು ನಿನ್ನ ರಕ್ತದಲ್ಲೇ ನಿಲ್ಲತ್ತೆ, ತಿಂದು ಎದೆ ನಿಲ್ಲಿಸ್ಕೋ. ಹೋದ ತಿಂಗಳು ಅತ್ತೆ ಪ್ರೀತಿಯಿಂದ ಮಾವಿನಹಣ್ಣು ತಿನ್ನಿಸಿದ್ದು ಮರೆತ್ಯಾ? ಆಂಬುಲೆನ್ಸಲ್ಲಿ ನಿನ್ನ ಬಾಯಿ ಹೀಗೇ ಇತ್ತು, ಥೇಟ್ ಆ ಮೀನಿನ ಥರ."

ಶಾಬಾನ್ ನಕ್ಕ. ಆಮೇಲೆ ನಗು ನಿಲ್ಲಿಸಿ ಕೊಳವೆಯಲ್ಲಿ ಓಡುವ ತನ್ನ ರಕ್ತವನ್ನೇ ನೋಡುತ್ತ, "ಅವು ಸತ್ರೆ ನಿನ್ನ ತೆಗೀತಾರಂತೆ. ನಿಜಾನಾ?" ಎಂದ.

"ಸಾಯಲ್ಲ."

"ನಾನು ಮೀನಿನ ವಿಷಯ ಕೇಳಿದ್ದು."

"ನಾನೂ ಅದನ್ನೇ ಹೇಳಿದ್ದು. ಬಾಯಿ ಮುಚ್ಕೊಂಡು ಮಲಕ್ಕೋ."

ಹೊರಗೆ ಬಂದವಳು ಕಂಬದ ಮರೆಯಲ್ಲಿ ನಿಂತು ಕಾದಳು. ಅರ್ಧ ಗಂಟೆಯೊಳಗೆ ಕಪ್ಪು ನಿಲುವಂಗಿಯ ಒಬ್ಬ ಮುದುಕಿ ಎದ್ದು, ಆಚೆ ಈಚೆ ನೋಡಿ, ತೊಟ್ಟಿಯ ಮುಚ್ಚಳ ಸರಿಸಿದಳು. ನಿಲುವಂಗಿಯ ಎದೆಯೊಳಗಿಂದ ರೊಟ್ಟಿಯ ಉಳಿದರ್ಧ ಹೊರಬಂತು. ತುಟಿ ಪಟಪಟ ಅಲ್ಲಾಡುತ್ತಿತ್ತು. ಏಳನೇ ಕುರ್ಚಿಯ ಸಬ್ರಿಯ ತಾಯಿ. ಎಲ್ಲರಿಗೂ ಉಮ್ಮು ಸಬ್ರಿ.

"ಸಿಕ್ಕಿಬಿದ್ರಲ್ಲ ಉಮ್ಮು ಸಬ್ರಿ!"

"ಥೂ ನಿನ್ನ! ನನ್ನ ಜೀವ ಹಾರಿಹೋಯ್ತಲ್ಲೇ!" ಮುದುಕಿ ಎದೆಗೆ ಕೈಯಿಟ್ಟುಕೊಂಡಳು. "ಪೊಲೀಸರ ಹಾಗೆ ಕಂಬದ ಹಿಂದೆ ನಿಲ್ತೀಯಾ? ನಾಚಿಕೆ ಆಗಲ್ವಾ?"

"ನಿಮಗಾಗ್ಬೇಕು. ಅರ್ಧ ಬೆಳಿಗ್ಗೆ, ಅರ್ಧ ಈಗ. ಇವೇನು ಎಮ್ಮೆಗಳಾ?"

"ಪಾಪ, ನೋಡೇ, ಹಸಿವು ಅಂತ ಹೇಗೆ ಬಾಯಿ ಬಿಡ್ತಾವೆ. ನನ್ನ ಕಂಡ್ರೆ ಸಾಕು, ಮೇಲೆ ಬಂದು ಸಬ್ರಿಗೋಸ್ಕರ ಬೇಡಿಕೊಳ್ತಾವೆ."

"ಬೇಡಿಕೊಳ್ಳೋದಲ್ಲ ತಾಯಿ, ಉಸಿರು ಕಟ್ಟಿ ಒದ್ದಾಡ್ತಿವೆ!" ಸನಿಯ್ಯಾಳ ದನಿ ಹಾಲಿನ ತುದಿಯವರೆಗೆ ಹೋಯಿತು. "ನಿಮ್ಮ ಸಬ್ರಿ ಒಳಗೆ ಯಾಕೆ ಮಲಗಿದಾನೆ? ಉಚ್ಚೆ ಹೊರಗೆ ಹೋಗಲ್ಲ, ರಕ್ತದಲ್ಲೇ ನಿಂತು ವಿಷ ಆಗತ್ತೆ. ಅಲ್ವಾ? ಇವು ತಿಂದಿದ್ದು, ಹೇತಿದ್ದು, ತಿನ್ನದೆ ಕೊಳೆತಿದ್ದು ಎಲ್ಲಾ ಈ ನೀರಲ್ಲೇ. ಅದೇ ವಿಷ. ಅದನ್ನೇ ಇವು ಉಸಿರಾಡ್ಬೇಕು. ಸಬ್ರಿಗೆ ಆಳೆತ್ತರದ ಮಷೀನಿದೆ. ಇವಕ್ಕಿರೋದು ಈ ಬೆರಳುದ್ದದ ಫಿಲ್ಟರು. ನೀವು ಹಾಕ್ತಿರೋದು ರೊಟ್ಟಿ ಅಲ್ಲ, ಕಾಯಿಲೆ. ನಿಮ್ಮ ಮಗನ ಕಾಯಿಲೇನೇ ತಂದು ಇವಕ್ಕೆ ಹಚ್ಚುತಿದೀರಿ."

ಮುದುಕಿಯ ಕೈ ಮುಚ್ಚಳದ ಮೇಲೇ ನಿಂತಿತು. ಬಳಿಕ ಅವಳು ನೆಲದ ಮೇಲೆ ಕುಸಿದು ಕೂತಳು. ರೊಟ್ಟಿ ಮಡಿಲಲ್ಲಿತ್ತು.

"ಮತ್ತೆ ನಾನೇನು ಮಾಡ್ಲೇ?" ಎಂದಳು. "ಡಾಕ್ಟ್ರ ಬಾಗಿಲು ಯಾವಾಗ್ಲೂ ಮುಚ್ಚಿರತ್ತೆ. ಸಿಸ್ಟರು ಹೊರಗೆ ಕೂತ್ಕೊಳ್ಳಿ ಅಂತಾಳೆ. ನಾಲ್ಕು ಗಂಟೆ ಆ ಗೋಡೆ ಆಚೆ ನನ್ನ ಮಗನ ರಕ್ತ ಹೊರಗೆ ಬಂದು ಒಳಗೆ ಹೋಗ್ತಿರತ್ತೆ. ಹೆತ್ತೋಳಿಗೆ ಒಂದು ಕೆಲಸ ಬೇಡ್ವಾ? ಈ ಆಸ್ಪತ್ರೇಲಿ ನಾನು ಬಂದ್ರೆ ಎದ್ದು ಬರೋರು ಈ ಮೀನುಗಳು ಮಾತ್ರ."

ಸನಿಯ್ಯಾಳ ಸಿಟ್ಟು ದೊಣ್ಣೆ ಹಿಡಿದು ಬಂದಿತ್ತು. ಹೊಡೆಯಲು ಇಲ್ಲಿ ಯಾರೂ ಇರಲಿಲ್ಲ. ಅದು ತಿರುಗಿ ಕಾರಿಡಾರಿನ ತುದಿಯ ಮುಚ್ಚಿದ ಬಾಗಿಲನ್ನು ನೋಡಿತು. ಸದ್ಯಕ್ಕೆ ನೋಡಿತು, ಅಷ್ಟೆ.

"ಕೆಲಸ ಬೇಕಾ? ಕೊಡ್ತೀನಿ ಏಳಿ. ಎಷ್ಟು ಬೇಕಾದ್ರೂ ಕೊಡ್ತೀನಿ."

ಅವತ್ತಿನಿಂದ ಮೀನುಗಳಿಗೆ ಉಪವಾಸ. ಒಂದು ಕಾಳೂ ಇಲ್ಲ. ಮಾಳಿಗೆಯ ಮೇಲೆ ಡ್ರಮ್ಮುಗಳಲ್ಲಿ ನಲ್ಲಿ ನೀರು ಹಿಡಿದು, ಕ್ಲೋರಿನ್ ವಾಸನೆ ಹೋಗಲೆಂದು ಒಂದು ಇಡೀ ದಿನ ಬಿಸಿಲಿಗೆ ಬಿಟ್ಟರು. ದಿನಾ ತೊಟ್ಟಿಯ ಕಾಲು ಭಾಗ ಹಳೇ ನೀರು ಹೊರಗೆ, ಕಾಲು ಭಾಗ ಹೊಸ ನೀರು ಒಳಗೆ. ಉಸ್ತಾದ್ ಫಿಕ್ರಿ ಕೋಟು ಬಿಚ್ಚಿಟ್ಟು ಬಕೆಟ್ಟು ಹೊತ್ತರು. ಒಮ್ಮೆಲೇ ಎಲ್ಲ ನೀರೂ ಬದಲಿಸಿದರೆ ಆಗದೇ ಎಂದು ಕೇಳಿದ್ದಕ್ಕೆ ಸನಿಯ್ಯಾ, "ಮೇಷ್ಟ್ರೇ, ಮೂರು ವರ್ಷದ ಪಾಠ ಒಂದೇ ದಿನ ಹೇಳ್ಬಿಡ್ತಿದ್ರಾ?" ಎಂದಳು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಲ್ಲಿ ಕೆಳಗೆ ಹಿಡಿಯಬಾರದು ಎಂದು ಕಲಿಸಿಕೊಟ್ಟಳು. ಉಳಿದ ರೊಟ್ಟಿಗೆ ಗೋಡೆಯ ಮೊಳೆಗೊಂದು ಚೀಲ ತೂಗುಹಾಕಿದಳು. ಸಂಜೆ ಅದು ಉಮ್ಮು ಸಬ್ರಿಯ ಮಾಳಿಗೆಯ ಬಾತುಕೋಳಿಗಳಿಗೆ. ಅವೂ ಬಾಯಿಲ್ಲದ ಜೀವಗಳೇ, ಹರಕೆ ಅಲ್ಲೂ ಸಲ್ಲುತ್ತದೆ ಎಂದು ಮುದುಕಿಯೇ ತೀರ್ಪು ಕೊಟ್ಟಳು. ತಾನೇ ಸ್ಟೂಲು ಎಳೆದುಕೊಂಡು ತೊಟ್ಟಿಯ ಮುಂದೆ ಕಾವಲು ಕೂತಳು.

"ಕೈ ತೆಗಿ! ತೆಗಿತೀಯೋ, ಮುರೀಲೋ?"

"ಒಂದೇ ಚೂರು ಉಮ್ಮು ಸಬ್ರಿ, ನಮ್ಮಮ್ಮನ ಹೆಸರಲ್ಲಿ."

"ನಿಮ್ಮಮ್ಮನ ಹೆಸರಲ್ಲಿ ಬಕೆಟ್ಟು ಹೊರು ಹೋಗು!"

ಬುಧವಾರದ ಹೊತ್ತಿಗೆ ನೀರು ಗಾಜಿನಷ್ಟು ತಿಳಿಯಾಯಿತು. ಮೀನುಗಳು ಮೇಲಿಂದ ಇಳಿದು ತಳದ ಕಲ್ಲುಗಳ ನಡುವೆ ಮೂತಿ ಹಾಕಿ ಆಡತೊಡಗಿದವು. ಸನಿಯ್ಯಾ ಎಣಿಸಿದಳು. ಹನ್ನೊಂದು. ಎರಡು ಸಲ ಎಣಿಸಿದಳು. ಒಳಗೆ ಶಾಬಾನ್ ತನ್ನ ನಾಲ್ಕು ಗಂಟೆ ಮುಗಿಸಿ ಸ್ವಂತ ಕಾಲಲ್ಲಿ ಎದ್ದು ಬಂದ. ಶನಿವಾರದವರೆಗೆ ಅವನ ರಕ್ತ ಶುದ್ಧ.

ಗುರುವಾರ ಮಧ್ಯಾಹ್ನ ಹಾಜಿ ಬರಕಾತರು ಎಂಟು ಜನರ ಜೊತೆ ಬಂದರು. ಇಬ್ಬರ ಕೈಯಲ್ಲಿ ಕ್ಯಾಮೆರಾ. ಉಳಿದವರ ಕೈಯಲ್ಲಿ ಏನೂ ಇರಲಿಲ್ಲ, ಹಾಜಿಯ ಮಾತಿಗೆ ತಲೆಯಾಡಿಸುವುದಷ್ಟೇ ಅವರ ಕೆಲಸ. ಕೆಟ್ಟ ಮೂರು ಮಷೀನುಗಳ ಮೇಲೆ ಡಾಕ್ಟರ್ ಮಮ್ದೂಹ್ ಬಿಳಿ ಚಾದರ ಹೊದಿಸಿದ್ದರು. ನೆರೆಯವರ ಮನೆಯ ಹೆಣಕ್ಕೂ ಜನ ಅಷ್ಟು ಅಚ್ಚುಕಟ್ಟಾಗಿ ಹೊದಿಸುವುದಿಲ್ಲ. ಹಾಜಿ ಆ ಕಡೆ ತಿರುಗಲೇ ಇಲ್ಲ. ನೇರ ತೊಟ್ಟಿಯ ಬಳಿ ಬಂದರು.

"ಇದೇನು ಡಾಕ್ಟ್ರೇ, ಇಷ್ಟು ಬಡಕಲಾಗಿವೆ? ಬರಕಾತ್ ಬಾಗಿಲಿಗೆ ಬಂದ ಬೀದಿನಾಯಿ ಕೂಡ ಹಸಿದು ಹೋಗಲ್ಲ. ನನ್ನ ಹೆಸರಿರೋ ಮೀನು ಉಪವಾಸವಾ?"

ಆರು ತಲೆಗಳು ಆಡಿದವು. ಯಾರೋ ಕಾಳಿನ ಡಬ್ಬ ತಂದುಕೊಟ್ಟರು. ಹಾಜಿ ಅಂಗಿಯ ತೋಳು ಸರಿಸಿ, ಕೈಗಡಿಯಾರ ಕಾಣುವಂತೆ ಹಿಡಿದು, ಸುರಿದರು.

"ಹಾಜಿ, ಇನ್ನೊಂದ್ಸಲ. ಡಬ್ಬ ಸ್ವಲ್ಪ ಮೇಲೆ," ಎಂದ ಕ್ಯಾಮೆರಾದವನು.

ಇನ್ನೊಮ್ಮೆ ಸುರಿದರು.

"ಮುಖ ಈ ಕಡೆ. ನಗು ಇರಲಿ."

ಮತ್ತೊಮ್ಮೆ. ಹಾಜಿ ಹಾಕಿದ ಮೇಲೆ ಜೊತೆಯವರು ಬಿಟ್ಟಾರೆಯೆ? ಒಬ್ಬೊಬ್ಬರೂ ಹಿಡಿ ಹಿಡಿ ಹಾಕಿದರು. ಕೊನೆಗೆ ಡಾಕ್ಟರ್ ಮಮ್ದೂಹರೂ ಡಬ್ಬದ ತಳ ತಟ್ಟಿ ಖಾಲಿ ಮಾಡಿದರು. ನೀರಿನ ಮೇಲೆ ಕೆಂಪು ಕಾಳಿನ ಚಾಪೆ ಹಾಸಿದಂತಾಯಿತು.

"ಸಾಕು ಹಾಜಿ!" ಸನಿಯ್ಯಾ ಜನರನ್ನು ಸೀಳಿಕೊಂಡು ಮುಂದೆ ಬಂದಿದ್ದಳು. "ನಿಮ್ಮ ಮಕ್ಕಳಾಣೆ, ಸಾಕು. ಸತ್ತುಹೋಗ್ತಾವೆ."

"ಯಾರಿವಳು?"

"ಕಸ ಗುಡಿಸೋಳು," ಎಂದರು ಡಾಕ್ಟರು.

ಹಾಜಿ ನಕ್ಕರು. ಕೆಟ್ಟ ನಗುವಲ್ಲ, ಹೊಟ್ಟೆ ತುಂಬಿದವರ ದೊಡ್ಡ ನಗು. "ಮೀನಿಗೆ ವಕೀಲಳಾ ನೀನು? ಅವನ್ನೇ ಕೇಳು, ಸಾಕು ಅಂತಾವಾ ನೋಡೋಣ."

ಮೀನುಗಳು ಮುಕ್ಕುತ್ತಿದ್ದವು. ಐದು ದಿನ ಏನೂ ಕಾಣದವು, ನುಂಗಿ ಉಗುಳಿ ಮತ್ತೆ ನುಂಗುತ್ತಿದ್ದವು. ಸಾಕು ಎನ್ನುವುದು ಮೀನಿಗೆ ಗೊತ್ತಿಲ್ಲ. ಕೊಡುವವನ ಮುಖಕ್ಕೆ ಕ್ಯಾಮೆರಾ ಹಿಡಿದಾಗ ಅದು ಅವನಿಗೂ ಗೊತ್ತಾಗುವುದಿಲ್ಲ. ಹಾಜಿ ಚಪ್ಪಾಳೆಗಾಗಿ ಹಾಲಿನ ಕಡೆ ನೋಡಿದರು. ನಲವತ್ತು ಜನ ನಲವತ್ತು ಕಲ್ಲಿನಂತೆ ಕೂತಿದ್ದರು. ಜೊತೆಯ ಆರು ಜನ ತಟ್ಟಿದರು.

ಸನಿಯ್ಯಾ ಬಲೆ ಹಿಡಿದು ಮುಚ್ಚಳಕ್ಕೆ ಕೈಹಾಕಿದಾಗ ಡಾಕ್ಟರ್ ಮಮ್ದೂಹ್ ಅದರ ಮೇಲೆ ಅಂಗೈ ಊರಿದರು. ಹಲ್ಲು ಕಚ್ಚಿ ಪಿಸುಗುಟ್ಟಿದರು: "ಹಾಜಿ ಹಾಕಿದ ಊಟ ಅವರ ಕಣ್ಣೆದುರಿಗೇ ಎತ್ತಿ ಬಿಸಾಡ್ತೀಯಾ? ಹೋಗು ಆಚೆ. ಮನೆಗೆ ಹೋಗು ಇವತ್ತು."

ಅತಿಥಿಗಳು ಮಹಡಿಗೆ ಊಟಕ್ಕೆ ಹೋದರು. ಜನರನ್ನು ಹೊರಗೆ ಕಳಿಸಿ ಡಾಕ್ಟರು ಹಾಲಿಗೆ ಬೀಗ ಹಾಕಿಸಿದರು. ಮರುದಿನ ಶುಕ್ರವಾರ, ವಾರ್ಡಿಗೆ ರಜೆ. ಸನಿಯ್ಯಾ ಶುಕ್ರವಾರ ಬೆಳಿಗ್ಗೆ ಬಂದು ಗೇಟಿನಲ್ಲಿ ಕಾವಲಿನ ಹಸಬುಲ್ಲಾನ ಗಡ್ಡ ಹಿಡಿದು ಬೇಡಿಕೊಂಡಳು. ಬೀಗದ ಕೈ ಡಾಕ್ಟರ ಜೇಬಿನಲ್ಲಿತ್ತು. ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿದಳು. ಒಳಗಿನ ಕತ್ತಲಲ್ಲಿ ಮೀನು ಕಾಣಲಿಲ್ಲ, ತೊಟ್ಟಿಯ ಚಿನ್ನದ ಅಕ್ಷರ ಕಂಡಿತು.

ಶನಿವಾರ ಬಾಗಿಲು ತೆಗೆದಾಗ ಮೊದಲು ಹೊರಬಂದದ್ದು ವಾಸನೆ. ನೀರು ಸುಣ್ಣದ ನೀರಿನಂತೆ ಬೆಳ್ಳಗೆ ಕದಡಿತ್ತು. ಹನ್ನೊಂದೂ ಅಂಗಾತ ತೇಲುತ್ತಿದ್ದವು. ಹೊಟ್ಟೆ ಉಬ್ಬಿ, ಕಿವಿರು ಸುಟ್ಟಂತೆ ಕೆಂಪಾಗಿ. ಸನಿಯ್ಯಾ ಈ ಸಲ ಕಿರುಚಲಿಲ್ಲ. ಒಂದೊಂದನ್ನೇ ಬಲೆಯಲ್ಲಿ ಎತ್ತಿ ತಟ್ಟೆಯಲ್ಲಿಟ್ಟಳು. ಉಮ್ಮು ಸಬ್ರಿ ತನ್ನ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿಕೊಂಡು ಜೊತೆಗೆ ಎಣಿಸಿದಳು.

ಡಾಕ್ಟರು ತಟ್ಟೆಯ ಸಮೇತ ಅವಳನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ತೆರೆದೇ ಇತ್ತು. ಹಾಲಿಗೆಲ್ಲ ಕೇಳಲಿ ಎಂದೇ ಇರಬೇಕು.

"ಹಾಜಿಗೆ ನಾನೇನು ಮುಖ ತೋರಿಸ್ಲಿ? ಒಂದು ತೊಟ್ಟಿ ನೋಡ್ಕೊಳ್ಳೋಕಾಗದ ಸೋಮಾರಿ! ಬಕೆಟ್ಟು, ಪೊರಕೆ ಇಲ್ಲಿಟ್ಟು ಹೋಗು."

"ನೀವು ಸುರಿದ್ರಿ ಡಾಕ್ಟ್ರೇ. ನಾನು ಬೇಡ ಅಂದೆ. ನೀವು ಮುಚ್ಚಳ ಒತ್ತಿ ಹಿಡಿದ್ರಿ."

"ನಾಲಿಗೆ ಬೇರೆ! ಊಟ ಹಾಕಿದ್ರೆ ಯಾರಾದ್ರೂ ಸಾಯ್ತಾರಾ?"

"ನನ್ನ ತಮ್ಮ?"

ಡಾಕ್ಟರು ಪಟ್ಟಿ ಎಳೆದುಕೊಂಡು, ಪೆನ್ನಿನಿಂದ ಒಂದು ಗೆರೆ ಎಳೆದರು. ಸರಳವಾದ, ನೇರವಾದ ಗೆರೆ. "ಸಿಬ್ಬಂದಿಯ ಬಂಧು ಅಂತ ಕುರ್ಚಿ. ಸಿಬ್ಬಂದಿ ಇಲ್ಲ, ಬಂಧು ಎಲ್ಲಿ?"

ಅಷ್ಟರಲ್ಲಿ ಶಾಬಾನ್ ಆಚೆ ತಕ್ಕಡಿಯ ಮೇಲೆ ನಿಂತಿದ್ದ. ಬುಧವಾರಕ್ಕಿಂತ ಮೂರೂವರೆ ಕಿಲೋ ಹೆಚ್ಚು. ಎಲ್ಲವೂ ಹೊರಹೋಗದ ನೀರು. ಚಪ್ಪಲಿ ಪಾದಕ್ಕೆ ಹತ್ತದೆ ಕೈಯಲ್ಲಿ ಹಿಡಿದಿದ್ದ. ನರ್ಸ್ ಇಬ್ತಿಸಾಮ್ ನೆಲ ನೋಡುತ್ತ, "ಸೂಜಿ ಹಾಕಬೇಡ ಅಂತ ಫೋನ್ ಬಂತು ಅಣ್ಣಾ," ಎಂದಳು.

"ಪರವಾಗಿಲ್ಲ ತಾಯಿ," ಎಂದ ಶಾಬಾನ್. ಉಸಿರಿಗೆ ಎರಡು ಸಲ ನಿಂತು ಹೇಳಿದ. "ಹನ್ನೆರಡನೇ ಮೀನು ಅಂತ ಬರ್ಕೊಳ್ಳಿ."

ಆ ಮಾತು ಹಾಲಿನಲ್ಲಿ ಬಾಯಿಂದ ಬಾಯಿಗೆ ಹೋಯಿತು. ಉಸ್ತಾದ್ ಫಿಕ್ರಿ ಮೊಬೈಲು ಎತ್ತಿ ಹಿಡಿದರು. ಹಾಜಿಯ ಕಾರ್ಖಾನೆಯವರು ಶುಕ್ರವಾರವೇ ಹಾಕಿದ್ದ ವಿಡಿಯೋ. ಹಾಜಿ ನಗುತ್ತಾರೆ, ಸುರಿಯುತ್ತಾರೆ, ನಗುತ್ತಾರೆ, ಸುರಿಯುತ್ತಾರೆ. ಹಿಂದೆ ಒಂದು ಹೆಂಗಸಿನ ದನಿ: ಸಾಕು ಹಾಜಿ. "ಸಾಕ್ಷಿ ಅವರೇ ಕೊಟ್ಟಿದಾರೆ," ಎಂದರು ಮೇಷ್ಟ್ರು. "ತಪ್ಪು ಇಷ್ಟು ದುಂಡಗೆ ಬರೆದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ."

ಆದರೆ ಮೊದಲು ಎದ್ದದ್ದು ಉಮ್ಮು ಸಬ್ರಿ. ನಿಲುವಂಗಿಯ ಎದೆಯೊಳಗೆ ಅವತ್ತಿನ ಹರಕೆಯ ರೊಟ್ಟಿ ಇತ್ತು. ಬೆಳಿಗ್ಗೆ ಬೇಕರಿಯಿಂದ ಬಿಸಿಯಾಗಿ ತಂದದ್ದು. ಅವಳು ತೆರೆದ ಬಾಗಿಲಲ್ಲಿ ನಡೆದುಹೋಗಿ, ಡಾಕ್ಟರ ಮೇಜಿನ ಮೇಲೆ, ಗೆರೆ ಎಳೆದ ಪಟ್ಟಿಯ ಮೇಲೆಯೇ ಅದನ್ನಿಟ್ಟಳು.

"ಏನಿದು?"

"ನನ್ನ ಸಬ್ರಿ ಹೆಸರಿನ ರೊಟ್ಟಿ ಮಗಾ. ಮೀನು ಇಲ್ವಲ್ಲ, ಇನ್ಯಾರಿಗೆ ಹಾಕ್ಲಿ? ನೀನು ತಿನ್ನು. ಊಟ ಹಾಕಿದ್ರೆ ಯಾರೂ ಸಾಯಲ್ವಂತೆ, ನೀನೇ ಅಂದ್ಯಲ್ಲ."

ಅವಳ ಹಿಂದೆ ಇನ್ನೊಬ್ಬಳು ಬಂದಳು. ಅವಳ ರೊಟ್ಟಿ ಕಂಪ್ಯೂಟರಿನ ಮೇಲೆ. ಮತ್ತೊಬ್ಬ ಬಂದ, ಅವನದು ಫೋನಿನ ಮೇಲೆ. "ತಿನ್ನಿ ಡಾಕ್ಟ್ರೇ, ನಮ್ಮಪ್ಪನ ಹೆಸರಲ್ಲಿ." "ಒಂದೇ ತುತ್ತು ಡಾಕ್ಟ್ರೇ, ನನ್ನಾಣೆ, ಬೇಡ ಅನ್ನಬಾರ್ದು." ಯಾರೋ ಬೀದಿಗೆ ಹೋಗಿ, ತಲೆಯ ಮೇಲೆ ಹಲಗೆಯಿಟ್ಟು ಸೈಕಲ್ಲಿನಲ್ಲಿ ರೊಟ್ಟಿ ಒಯ್ಯುತ್ತಿದ್ದವನನ್ನೇ ನಿಲ್ಲಿಸಿ ಅವನ ಇಡೀ ಹಲಗೆ ಇಳಿಸಿಕೊಂಡು ಬಂದರು. ಫೈಲುಗಳ ಮೇಲೆ ರೊಟ್ಟಿ, ಕುರ್ಚಿಗಳ ಮೇಲೆ ರೊಟ್ಟಿ, ಬಿಚ್ಚಿಟ್ಟ ಕೋಟಿನ ಮೇಲೆ ರೊಟ್ಟಿ. ಮೇಲೆ ಜಾಗ ಮುಗಿದಾಗ ಶುಭ್ರವಾದ ಚಾದರ ಹಾಸಿ ನೆಲದ ಮೇಲೆ ಸಾಲಾಗಿ ಜೋಡಿಸಿದರು. ಆ ಚಾದರ ಕೆಟ್ಟ ಮಷೀನುಗಳ ಮೇಲಿನದು. ಕೊನೆಯ ಸಾಲು ಹೊಸ್ತಿಲಿನ ಉದ್ದಕ್ಕೂ.

"ಹಸಬುಲ್ಲಾ!" ಡಾಕ್ಟರು ಕೂಗಿದರು. "ಎತ್ತಿ ಬಿಸಾಡು ಇದನ್ನೆಲ್ಲ!"

ಕಾವಲಿನವನು ಹೊಸ್ತಿಲಿನ ಈಚೆ ನಿಂತು ನೋಡಿದ. ದಕ್ಷಿಣದ ಹಳ್ಳಿಯ ಮನುಷ್ಯ, ಆರಡಿ ಎತ್ತರ, ಜಗಳದಲ್ಲಿ ಹಿಂದೆ ಸರಿದವನಲ್ಲ. ಈಗ ಎರಡು ಹೆಜ್ಜೆ ಹಿಂದೆ ಸರಿದ. "ರೊಟ್ಟೀನಾ ಡಾಕ್ಟ್ರೇ? ನನ್ನ ಕೈ ಬಿದ್ದುಹೋಗ್ಲಿ. ಮನುಷ್ಯರನ್ನ ಎತ್ತಿ ಬಿಸಾಡು ಅನ್ನಿ, ಆಗಬೋದು. ಇದು ಆಗಲ್ಲ."

ಡಾಕ್ಟರ್ ಮಮ್ದೂಹ್ ಮೇಜಿನ ಹಿಂದಿನಿಂದ ಎದ್ದರು. ಒಂದು ಹೆಜ್ಜೆ ಇಟ್ಟರು. ಹೊಳೆಯುವ ಬೂಟು ಸಾಲಿನ ಅಂಚಿಗೆ ಬಂದು ಗಾಳಿಯಲ್ಲಿ ನಿಂತಿತು. ಪಟ್ಟಿಯಲ್ಲಿದ್ದ ಮನುಷ್ಯನ ಮೇಲೆ ಗೆರೆ ಎಳೆಯುವಾಗ ಆ ಕೈ ತಡೆದಿರಲಿಲ್ಲ. ಈಗ ಕಾಲು ತಡೆಯಿತು. ಎಷ್ಟು ಓದಿದ್ದರೂ ಅವರೂ ಈ ನೆಲದ ತಾಯಿಯೊಬ್ಬಳ ಮಗನೇ, ಅವಳೂ ಬಿದ್ದ ಚೂರನ್ನು ಎತ್ತಿ ಹಣೆಗೊತ್ತಿಕೊಂಡವಳೇ. ಬೂಟು ಹಿಂದೆ ಹೋಯಿತು.

"ಸನಿಯ್ಯಾ, ಇವನ್ನ ಎತ್ತು."

ಸನಿಯ್ಯಾ ಮೀನಿನ ತಟ್ಟೆ ಹಿಡಿದು ಬಾಗಿಲ ಪಕ್ಕ ನಿಂತಿದ್ದಳು. "ನಾನು ಕಮ್ಮಿ ಆದೋಳು ಡಾಕ್ಟ್ರೇ."

"ಸರಿ, ಸರಿ. ಕೆಲಸಕ್ಕೆ ಬಾ. ಎತ್ತು."

"ನನ್ನ ಕೆಲಸ ನಾನು ಕೇಳಿದ್ನಾ?"

ಹೊರಗೆ ಶಾಬಾನ್ ಗೋಡೆಗೆ ಒರಗಿ ಕೂತಿದ್ದ. ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದ. ಡಾಕ್ಟರು ಅವನನ್ನು ನೋಡಿದರು. ಅಥವಾ ರೊಟ್ಟಿಗಳ ಆಚೆ ಬೇರೇನೂ ನೋಡಲು ಇರಲಿಲ್ಲ. ಫೋನಿನ ಮೇಲಿನ ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ, ಇಡಲು ಜಾಗ ಕಾಣದೆ ಎದೆಗೆ ಅವುಚಿಕೊಂಡು, ವಾರ್ಡಿಗೆ ಕರೆ ಮಾಡಿದರು. "ನಾಲ್ಕನೇ ಕುರ್ಚಿ. ಶುರು ಮಾಡಿ."

"ಪಟ್ಟಿ," ಎಂದಳು ಸನಿಯ್ಯಾ.

"ಬರೀತೀನಮ್ಮ."

"ಸಿಬ್ಬಂದಿ ಪಟ್ಟೀಲಿ ಬೇಡ. ರೋಗಿಗಳ ಪಟ್ಟೀಲಿ ಬರೀರಿ. ನಾನು ನಾಳೆ ಸತ್ರೂ ಅಳಿಸಬಾರ್ದು. ಜೋರಾಗಿ ಓದಿ, ಮೇಷ್ಟ್ರು ಕೇಳಿಸ್ಕೊಳ್ಳಲಿ."

ಡಾಕ್ಟರು ಬರೆದರು. ಓದಿದರು. ಉಸ್ತಾದ್ ಫಿಕ್ರಿ ದಿನಾಂಕ ಬಿಟ್ಟಿದ್ದೀರಿ ಎಂದರು. ಅದನ್ನೂ ಬರೆದರು.

ಆದರೂ ಸನಿಯ್ಯಾ ಬಗ್ಗಲಿಲ್ಲ. ಕಾಗದವನ್ನು ನಂಬುವ ಕಾಲ ಅವಳಿಗೆ ಎಂದೋ ಮುಗಿದಿತ್ತು. ಇಬ್ಬರು ಶಾಬಾನನನ್ನು ತೋಳು ಹಿಡಿದು ಎಬ್ಬಿಸಿ ಒಳಗೆ ಒಯ್ದರು. ಅವಳೂ ಹೋದಳು. ಸೂಜಿ ಎರಡು ಒಳಹೋದವು. ಕೊಳವೆಯಲ್ಲಿ ರಕ್ತ ಹತ್ತಿ, ಸುತ್ತಿ, ಮಷೀನಿನ ಸದ್ದು ಹಿಡಿದ ಮೇಲೆಯೇ ಅವಳು ಕುರ್ಚಿಯಿಂದ ಕೈ ತೆಗೆದಳು.

"ಅಕ್ಕಾ," ಎಂದ ಶಾಬಾನ್ ಕಣ್ಣು ಮುಚ್ಚಿಯೇ, "ಡಾಕ್ಟ್ರು ಎಷ್ಟು ತಿಂದ್ರು?"

"ಇನ್ನೂ ಶುರುವೇ ಮಾಡಿಲ್ಲ."

ವಾಪಸು ಬಂದು ಹೊಸ್ತಿಲ ಮುಂದೆ ಮಂಡಿಯೂರಿದಳು. ಒಂದು ರೊಟ್ಟಿ ಎತ್ತಿದಳು, ತುಟಿಗೆ, ಹಣೆಗೆ ಮುಟ್ಟಿಸಿ ಗೋಡೆಯಿಂದ ತಂದ ಚೀಲದೊಳಗಿಟ್ಟಳು. ಎರಡನೆಯದು. ಮೂರನೆಯದು. ಹೊಸ್ತಿಲಿನಿಂದ ಮೇಜಿನವರೆಗೆ, ಒಂದು ಪಾದ ಹಿಡಿಸುವಷ್ಟು ಅಗಲದ ಹಾದಿ ಮಾಡಿ, ಎದ್ದು ಕೈ ಒರೆಸಿಕೊಂಡಳು.

"ಉಳಿದಿದ್ದು?" ಎಂದರು ಡಾಕ್ಟರು.

"ಉಳಿದಿದ್ದು ಕೆಟ್ಟ ಮೂರು ಮಷೀನಿಂದು. ಅವು ತಿರುಗಿದ ದಿನ ಎತ್ತುತೀನಿ."

ಡಾಕ್ಟರ್ ಮಮ್ದೂಹ್ ಗೋಡೆಗೆ ಕೈಯೂರಿ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ, ಎದೆಗೆ ಅವುಚಿದ ರೊಟ್ಟಿಯ ಸಮೇತ ಹೊರಬರತೊಡಗಿದರು. ಉಮ್ಮು ಸಬ್ರಿ ಹೊಸ್ತಿಲಿನಾಚೆ ಸ್ಟೂಲು ಎಳೆದುಕೊಂಡು ಕೂತಿದ್ದಳು.

"ಸೋಮವಾರಾನೂ ಬಿಸಿ ರೊಟ್ಟಿ ತರ್ತೀನಿ ಮಗಾ," ಎಂದಳು. "ಬಡಕಲಾಗಿದೀಯಾ. ತಿನ್ನಬೇಕು."